ಸಂಗಮದಾಚೆಯ ಹೆಸರು

ತಿರುಮಕೂಡಲು ನರಸೀಪುರಕ್ಕೆ ನಾವು ಸಪತ್ನೀಕರಾಗಿ ಹೋದದ್ದು ಸಂಗಮಸ್ನಾನಕ್ಕೆ. ನಂಜನಗೂಡಿನ ಮಗ್ಗುಲಲ್ಲಿ ಹರಿದು ಬಂದ ಕಪಿಲೆ ಇಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕಸರೋವರವೂ ಸೇರಿ ಮೂರು ಕೂಡಲೆಂದು ಆಸ್ತಿಕರ ನಂಬಿಕೆ. ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯುಂಟು. ಈ ಕ್ಷೇತ್ರವು ಕಾಶಿಗಿಂತ ಅಷ್ಟು ತೂಕ ಹೆಚ್ಚೆಂಬುದಕ್ಕೆ ಅದು ಗುರುತಂತೆ. ಹರಿಗೋಲಿನಲ್ಲಿ ಕುಳಿತು, "ಇದು ಯಾವ ನೀರಪ್ಪ?" ಎಂದು ಅಂಬಿಗನನ್ನು ಕೇಳಿದೆವು. "ಆ ಕಡೆಯದು ಕಪಿಲೆ, ಸ್ವಾಮಿ. ಇಲ್ಲಿಂದ ಕೆಳಕ್ಕೆ ಬರೀ ಕಾವೇರಿ" ಎಂದನು. ಆಗ ಆ ಮಾತಿನಲ್ಲಿ ನಮಗೇನೂ ವಿಶೇಷ ತೋರಲಿಲ್ಲ.

ಮಧ್ಯಾಹ್ನ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಭೋಜನ. ನಮ್ಮ ಮಂಡಿನೋವನ್ನು ಕಂಡು ಅವನ ಮಗಳು ಮೂರು ಕಾಲಿನ ದುಂಡನೆಯ ಪೀಠವೊಂದನ್ನು ತಂದಿಟ್ಟಳು. ಫಿನ್ಲೆಂಡ್ ದೇಶದಲ್ಲಿ ಓದಿ ಬರುವಾಗ ತಂದದ್ದಂತೆ. ಬರ್ಚ್ ಎಂಬ ಬಿಳಿಯ ಮರದ್ದು. ಕಾಲುಗಳು ಮೇಲ್ತುದಿಯಲ್ಲಿ ಬಾಗಿ ಹಲಗೆಯ ಅಡಿಗೆ ಸೇರಿದ್ದವು. ಗಟ್ಟಿಮರದ ತುದಿಯನ್ನು ಉದ್ದಕ್ಕೆ ಸೀಳುಸೀಳಾಗಿ ಕೊಯ್ದು, ಆ ಸಂದುಗಳಲ್ಲಿ ತೆಳ್ಳನೆಯ ಪದರಗಳನ್ನು ಅಂಟಿಸಿ ಬಗ್ಗಿಸುವರೆಂದು ಹುಡುಗಿ ವಿವರಿಸಿದಳು. ನಮ್ಮೂರಿನ ಬಡಗಿಗಳು ನೋಡಿದರೆ ತಲೆದೂಗದಿರಲಾರರು.

"ಇದನ್ನು ಕಲ್ಪಿಸಿದವರಾರಮ್ಮ?"

"1933ರಲ್ಲಿ ಆಲ್ವಾರ್ ಆಲ್ಟೊ ಎಂಬುವರು, ತಾತ. ಆದರೆ ಅವರ ಪತ್ನಿ ಐನೋ ಅವರ ಹೆಸರನ್ನೂ ಹೇಳಬೇಕು."

ಐನೋ 1894ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿ, 1920ರಲ್ಲಿ ವಾಸ್ತುವಿದ್ಯೆಯ ಪದವಿ ಪಡೆದಾಕೆ. ಹೆಂಗಸರಿಗೆ ಆ ವೃತ್ತಿ ಆಗ ವಿರಳ. 1924ರಲ್ಲಿ ಆಲ್ವಾರನ ಕಚೇರಿಯನ್ನು ಸೇರಿ, ಅದೇ ವರ್ಷ ಆತನನ್ನು ವರಿಸಿದಳು. 1930ರ ಹೆಲ್ಸಿಂಕಿಯ ಪ್ರದರ್ಶನದಲ್ಲಿ ಚಿಕ್ಕ ಮನೆಗೆ ತಕ್ಕ ಅಡಿಗೆಮನೆಯೊಂದನ್ನು ರಚಿಸಿ ತೋರಿಸಿದಳು. ಅಡಿಗೆ ಮಾಡುವವರ ಕಷ್ಟವನ್ನು ಬಲ್ಲವರೇ ಅಡಿಗೆಮನೆಯ ನಕ್ಷೆ ಬರೆಯುವುದು ನಮ್ಮಲ್ಲಿ ಇಂದಿಗೂ ಅಪರೂಪ! 1932ರಲ್ಲಿ ಆಕೆ ರೂಪಿಸಿದ, ಬಳೆಯ ಮೇಲೆ ಬಳೆಯಿಟ್ಟಂತಹ ಗಾಜಿನ ಲೋಟಗಳು ಈಗಲೂ ತಯಾರಾಗುತ್ತಿವೆ. ಅವಕ್ಕೆ 1936ರಲ್ಲಿ ಮಿಲಾನಿನಲ್ಲಿ ಚಿನ್ನದ ಪದಕ ಬಂದಿತು. 1935ರಲ್ಲಿ ದಂಪತಿಗಳೂ ಇನ್ನಿಬ್ಬರೂ ಕೂಡಿ ಆರ್ಟೆಕ್ ಎಂಬ ಪೀಠೋಪಕರಣಗಳ ಸಂಸ್ಥೆಯನ್ನು ಕಟ್ಟಿದರು. ಮನೆಗಳ ಒಳಾಂಗಣ ರಚನೆಯ ಹೊಣೆ ಐನೋಳದು; 1941ರಿಂದ, 1949ರಲ್ಲಿ ತೀರಿಕೊಳ್ಳುವವರೆಗೂ, ಸಂಸ್ಥೆಯ ಆಡಳಿತವೂ ಅವಳದೇ. ಆದರೂ ಆಲ್ಟೊ ಎಂದರೆ ಲೋಕಕ್ಕೆ ನೆನಪಾಗುವುದು ಗಂಡನೇ.

ಅಂಬಿಗನ ಮಾತು ಆಗ ನೆನಪಾಯಿತು. ನಮ್ಮ ಹೆಸರಿನಲ್ಲಿ ಅಚ್ಚಾದ ವ್ಯಾಕರಣ ಪುಸ್ತಿಕೆಯೂ ನೆನಪಾಯಿತು: ಅದರ ಕರಡನ್ನು ಮೂರು ಸಲ ತಿದ್ದಿ, ಶುದ್ಧಪ್ರತಿ ಬರೆದವಳು ನಮ್ಮ ಗೃಹಿಣಿ. ಮುನ್ನುಡಿಯಲ್ಲಿ ಮುದ್ರಣಾಲಯದವರಿಗೆಲ್ಲ ವಂದನೆ ಹೇಳಿದ್ದೆವು; ಅವಳ ಹೆಸರನ್ನು ಮರೆತಿದ್ದೆವು.

ಊರಿಗೆ ಬಂದೊಡನೆ ಬೀರುವಿನಿಂದ ಆ ಪುಸ್ತಿಕೆಯನ್ನು ತೆಗೆದು, ಮೊದಲ ಪುಟದಲ್ಲಿ ನಮ್ಮ ಹೆಸರಿನ ಪಕ್ಕಕ್ಕೆ ಅವಳ ಹೆಸರನ್ನು ಬರೆದೆವು. ಕಾಫಿ ತಂದ ಅವಳು ಬಗ್ಗಿ ನೋಡಿದಳು.

"ಸಂಧಿಪ್ರಕರಣದಲ್ಲಿ ಎಷ್ಟು ತಪ್ಪು ತಿದ್ದಿದೆನೆಂಬುದನ್ನೂ ಬರೆದಿರಾ?" ಎಂದಳು.