ಉದ್ಯಾನವೂ ಏಳು ಶಿಲ್ಲಿಂಗೂ

ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರದಲ್ಲೇ ಕೇಳಿಬರುವ ಮಾತುಗಳಲ್ಲಿ ‘ಇಲ್ಲಿ ನಾವೆಲ್ಲ ಒಂದೇ ಕುಟುಂಬ’ ಎಂಬುದೂ ಒಂದು. ಸಾವಿರಾರು ನೌಕರರಿರುವ ಸಾಫ್ಟ್‌ವೇರ್ ಕಂಪನಿಯಲ್ಲಿಯೂ ನಾಲ್ಕೇ ಜನ ದುಡಿಯುವ ದಿನಸಿ ಅಂಗಡಿಯಲ್ಲಿಯೂ ಈ ಮಾತು ಒಂದೇ ಬಗೆಯಲ್ಲಿ ಬಳಕೆಯಾಗುತ್ತದೆ, ಮತ್ತು ಆಡುವವರಲ್ಲಿ ಬಹುಮಂದಿ ಅದನ್ನು ಮನಃಪೂರ್ವಕವಾಗಿಯೇ ಆಡುತ್ತಾರೆ. ಹಾಗಿದ್ದರೂ, ದುಡಿಮೆಯ ಸ್ಥಳವೊಂದು ತನ್ನನ್ನು ಕುಟುಂಬವೆಂದು ಕರೆದುಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ಎತ್ತಲೇಬೇಕಾಗಿದೆ. ಏಕೆಂದರೆ ಈ ಎರಡು ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಆ ಮಾತು ತಟ್ಟುವ ಬಗೆ ಬೇರೆ.

ಹೆತ್ತವರು ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇದ್ದು, ತಾವು ಮೆಲ್ಬರ್ನಿನ ಟಾರ್ನೀಟ್‌ನಲ್ಲೋ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲೋ ಮನೆ ಮಾಡಿಕೊಂಡವರಿಗೆ ಕಷ್ಟಕಾಲದಲ್ಲಿ ಮೊದಲು ಒದಗುವವರು ಜೊತೆಯಲ್ಲಿ ಕೆಲಸ ಮಾಡುವವರೇ. ಬಾಣಂತಿಯ ಮನೆಗೆ ಮೆಣಸಿನ ಸಾರು ತಂದುಕೊಡುವವರು, ಮನೆ ಬದಲಿಸುವ ದಿನ ಮಂಚ ಹೊರುವವರು, ನಡುರಾತ್ರಿ ವಿಮಾನ ನಿಲ್ದಾಣಕ್ಕೆ ಬಿಟ್ಟುಬರುವವರು ಅವರು. 2020ರ ಮಾರ್ಚ್ 20ರಂದು ಆಸ್ಟ್ರೇಲಿಯಾ ತನ್ನ ಗಡಿಯನ್ನು ಮುಚ್ಚಿದ ಮೇಲೆ 2021ರ ನವೆಂಬರಿನ ತನಕ ಅಲ್ಲಿನ ಪೌರರು ಕೂಡ ವಿಶೇಷ ಅನುಮತಿಯಿಲ್ಲದೆ ದೇಶ ಬಿಡುವಂತಿರಲಿಲ್ಲವಾಗಿ, ಊರಿನ ಅಂತ್ಯಕ್ರಿಯೆಗಳನ್ನು ಮೊಬೈಲಿನಲ್ಲಿ ನೋಡಬೇಕಾಗಿ ಬಂದ ಮನೆಗಳ ಬಾಗಿಲಲ್ಲಿ ಊಟದ ಡಬ್ಬಿ ಇಟ್ಟುಹೋದವರಲ್ಲಿಯೂ ಸಹೋದ್ಯೋಗಿಗಳಿದ್ದರು. ಈ ಬಂಧುತ್ವ ನಿಜವಾದದ್ದು, ಯಾವ ವಾದದಿಂದಲೂ ಅಲ್ಲಗಳೆಯಲಾಗದ್ದು. ಆದರೆ ಅದು ಮನುಷ್ಯರು ತಮ್ಮ ತಮ್ಮೊಳಗೆ, ಸಂಬಳದ ಹಂಗಿಲ್ಲದೆ ಕಟ್ಟಿಕೊಂಡದ್ದು. ಅದನ್ನು ಸಂಸ್ಥೆಯೊಂದು ತನ್ನ ಗುಣವೆಂದು ಹೇಳಿಕೊಂಡರೆ ಇನ್ನೊಬ್ಬರ ತೋಟಕ್ಕೆ ತನ್ನ ಹೆಸರಿನಲ್ಲಿ ಖಾತೆ ಮಾಡಿಸಿಕೊಂಡಂತಾಗುತ್ತದೆ. ಅದೇ ದಿನಗಳಲ್ಲಿ, ವ್ಯಾಪಾರ ಕುಸಿದ ಉದ್ಯಮಗಳು ನೌಕರರನ್ನು ಕೈಬಿಡದಿರಲೆಂದು ಸರ್ಕಾರ ‘ಜಾಬ್‌ಕೀಪರ್’ ಎಂಬ ಸಂಬಳದ ನೆರವನ್ನು ಕೊಟ್ಟಾಗ, ನ್ಯೂಜಿಲೆಂಡಿನವರನ್ನು ಬಿಟ್ಟು ಉಳಿದ ತಾತ್ಕಾಲಿಕ ವೀಸಾದವರನ್ನು ಅದರಿಂದ ಹೊರಗಿಡಲಾಯಿತು. ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತವರಲ್ಲಿ ಒಬ್ಬರಿಗೆ ಆಸರೆ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಇಬ್ಬರೂ ಒಂದೇ ಕುಟುಂಬವೆಂದು ಹಿಂದೆ ಕೇಳಿಸಿಕೊಂಡವರೇ.

ದುಡಿಮೆಯ ಸ್ಥಳ ಕುಟುಂಬವಾಗಬಹುದೇ ಎಂಬ ಪ್ರಶ್ನೆಯನ್ನು ಮೆಲ್ಬರ್ನ್ ನೂರು ವರ್ಷಕ್ಕೂ ಹಿಂದೆಯೇ ಎದುರಿಸಿತ್ತು. ಟಾರ್ನೀಟ್ ಕಡೆಯಿಂದ ಸದರ್ನ್ ಕ್ರಾಸ್ ನಿಲ್ದಾಣಕ್ಕೆ ರೈಲಿನಲ್ಲಿ ಕೆಲಸಕ್ಕೆ ಬರುವ ಕನ್ನಡಿಗರು ದಿನವೂ ಸನ್‌ಶೈನ್ ಎಂಬ ನಿಲ್ದಾಣವನ್ನು ಹಾದುಬರುತ್ತಾರೆ. ಬ್ರೇಬ್ರೂಕ್ ಜಂಕ್ಷನ್ ಎಂದಿದ್ದ ಆ ಊರಿಗೆ 1907ರಲ್ಲಿ ಹೊಸ ಹೆಸರು ಬಂದದ್ದು ಎಚ್. ವಿ. ಮೆಕೇ ಅವರ ‘ಸನ್‌ಶೈನ್ ಹಾರ್ವೆಸ್ಟರ್’ ಕಾರ್ಖಾನೆಯಿಂದ. ಹಾರ್ವೆಸ್ಟರ್ ಎಂದರೆ ಗೋಧಿಯ ತೆನೆಯನ್ನು ಹೊಲದಲ್ಲೇ ಕಿತ್ತು, ಒಕ್ಕಿ, ತೂರಿ ಕಾಳನ್ನು ಬೇರ್ಪಡಿಸುವ ಯಂತ್ರ. ಮೆಕೇ ಕೇವಲ ಕಾರ್ಖಾನೆ ನಡೆಸಲಿಲ್ಲ, ಊರನ್ನೇ ಕಟ್ಟಿದರು. ಕೆಲಸಗಾರರಿಗೆ ನಿವೇಶನ ಮಾಡಿಸಿದರು, ಮನೆ ಮಾಡಿಕೊಳ್ಳಲು ಅನುಕೂಲ ಕಲ್ಪಿಸಿದರು, ಮರಗಿಡಗಳ ಉದ್ಯಾನವನ್ನು ಬೆಳೆಸಿದರು. ಆ ಉದ್ಯಾನ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಕೆಲಸಗಾರರ ಯೋಗಕ್ಷೇಮವನ್ನು ಮನೆಯ ಹಿರಿಯನಂತೆ ನೋಡಿಕೊಂಡು, ಅದಕ್ಕೆ ಪ್ರತಿಯಾಗಿ ಮನೆಯ ಕಿರಿಯರಿಂದ ನಿರೀಕ್ಷಿಸುವಂತಹ ವಿಧೇಯತೆಯನ್ನು ನಿರೀಕ್ಷಿಸುವ ಯಜಮಾನಿಕೆಯ ಈ ಬಗೆಯನ್ನು ಸಮಾಜಶಾಸ್ತ್ರಜ್ಞರು ಪಿತೃವಾತ್ಸಲ್ಯದ ಆಡಳಿತವೆಂದು ಗುರುತಿಸುತ್ತಾರೆ.

1906ರಲ್ಲಿ ಆಸ್ಟ್ರೇಲಿಯಾದ ಸಂಸತ್ತು ಒಂದು ಕಾಯ್ದೆ ಮಾಡಿ, ಕೃಷಿಯಂತ್ರಗಳನ್ನು ತಯಾರಿಸುವವರು ತಮ್ಮ ಕೆಲಸಗಾರರಿಗೆ ನ್ಯಾಯವೂ ಸಮಂಜಸವೂ ಆದ ಕೂಲಿ ಕೊಟ್ಟರೆ ಮಾತ್ರ ಉತ್ಪಾದನಾ ಸುಂಕದಿಂದ ವಿನಾಯಿತಿ ಎಂದು ವಿಧಿಸಿತು. ಮೆಕೇ ವಿನಾಯಿತಿ ಕೋರಿದಾಗ, ನ್ಯಾಯವಾದ ಕೂಲಿ ಎಂದರೇನು ಎಂಬುದನ್ನು ತೀರ್ಮಾನಿಸುವ ಹೊಣೆ ರಾಜಿ ಮತ್ತು ಮಧ್ಯಸ್ಥಿಕೆ ನ್ಯಾಯಾಲಯದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಎಚ್. ಬಿ. ಹಿಗಿನ್ಸ್ ಅವರ ಮೇಲೆ ಬಿತ್ತು. ಹಿಗಿನ್ಸ್ ಕಾರ್ಖಾನೆಯ ಲಾಭದ ಲೆಕ್ಕವನ್ನಾಗಲಿ ಯಜಮಾನರ ಔದಾರ್ಯವನ್ನಾಗಲಿ ಅಳತೆಗೋಲಾಗಿ ಇಟ್ಟುಕೊಳ್ಳಲಿಲ್ಲ. ಕೆಲಸಗಾರರ ಹೆಂಡಂದಿರನ್ನು ಕರೆಸಿ ಮನೆಯ ಖರ್ಚಿನ ಲೆಕ್ಕ ಕೇಳಿದರು. ಬಾಡಿಗೆ, ದಿನಸಿ, ಸೌದೆ ಇವಿಷ್ಟಕ್ಕೇ ವಾರದ ಕೂಲಿಯ ಬಹುಪಾಲು ಕರಗಿಹೋಗುತ್ತದೆ ಎಂಬುದು ತಿಳಿದ ಮೇಲೆ, ಆ ಲೆಕ್ಕದಲ್ಲಿ ಇನ್ನೂ ಏನೇನು ಸೇರಿಲ್ಲವೆಂಬುದನ್ನು ಅವರು ತೀರ್ಪಿನಲ್ಲಿ ಒಂದೊಂದಾಗಿ ಎಣಿಸಿದರು: ದೀಪ, ಬಟ್ಟೆ, ಬೂಟು, ಪಾತ್ರೆ, ಜೀವವಿಮೆ, ಸಂಘದ ಚಂದಾ, ಪುಸ್ತಕ ಮತ್ತು ವೃತ್ತಪತ್ರಿಕೆ, ಟ್ರಾಮಿನ ಚಾರ್ಜು, ಹೊಲಿಗೆ ಯಂತ್ರ, ಮಕ್ಕಳ ಶಾಲೆಯ ಸಾಮಾನು, ರಜೆಯ ವಿಹಾರ, ಕಾಯಿಲೆ, ಸಾವು, ದಾನಧರ್ಮ. ನ್ಯಾಯಾಲಯದ ತೀರ್ಪಿನೊಳಗೆ ಬಡವರ ಮನೆಯ ಹೊಲಿಗೆ ಯಂತ್ರಕ್ಕೆ ಸ್ಥಾನ ಸಿಕ್ಕ ಈ ಪುಟ ದುಡಿಮೆಯ ಚರಿತ್ರೆಯ ಅತ್ಯಂತ ಮಾನವೀಯವಾದ ಪುಟಗಳಲ್ಲಿ ಒಂದು. ಗಂಡ, ಹೆಂಡತಿ, ಮೂವರು ಮಕ್ಕಳು ಮಿತವಾದ ಆದರೆ ಮರ್ಯಾದೆಯ ಬದುಕು ನಡೆಸಬೇಕಾದರೆ ವಿಶೇಷ ಕುಶಲತೆಯಿಲ್ಲದ ಕೆಲಸಗಾರನಿಗೂ ದಿನಕ್ಕೆ 7 ಶಿಲ್ಲಿಂಗ್, ಅಂದರೆ ವಾರಕ್ಕೆ 42 ಶಿಲ್ಲಿಂಗ್ ದೊರೆಯಬೇಕೆಂದು 1907ರ ನವೆಂಬರಿನಲ್ಲಿ ಅವರು ತೀರ್ಪಿತ್ತರು.

ಉದ್ಯಾನವನ್ನು ಸಂತೋಷದಿಂದ ಬೆಳೆಸಿಕೊಟ್ಟ ಮೆಕೇ ಈ ಏಳು ಶಿಲ್ಲಿಂಗನ್ನು ಒಪ್ಪಲಿಲ್ಲ. ಸುಂಕದ ಕಾಯ್ದೆಯ ಸಿಂಧುತ್ವದ ವ್ಯಾಜ್ಯ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿಗೆ ಹೋಗಿ, 1908ರಲ್ಲಿ ಮೂವರು ನ್ಯಾಯಮೂರ್ತಿಗಳ ಬಹುಮತ ಆ ಕಾಯ್ದೆಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಆದರೆ ಹಿಗಿನ್ಸ್ ಹಾಕಿಕೊಟ್ಟ ಅಳತೆ ಮುಂದಿನ ವರ್ಷಗಳ ಮಧ್ಯಸ್ಥಿಕೆಯ ತೀರ್ಪುಗಳಲ್ಲಿ ಮೂಲ ವೇತನವಾಗಿ ಬೇರೂರಿತು. 1911ರಲ್ಲಿ ಅದೇ ಕಾರ್ಖಾನೆಯ ಕೆಲಸಗಾರರು ಸಂಘದ ಹಕ್ಕಿಗಾಗಿ ಬಹುಕಾಲ ಮುಷ್ಕರ ಹೂಡಿ ಸೋತರು. ಮೆಕೇ ಕ್ರೂರಿಯಾಗಿದ್ದರೆಂದು ಇದರಿಂದ ಹೇಳಬೇಕಾಗಿಲ್ಲ. ಉದ್ಯಾನ ಅವರು ಮನಸ್ಸು ಮಾಡಿ ಕೊಟ್ಟದ್ದು, ಮನಸ್ಸಿಲ್ಲದಿದ್ದರೆ ಕೊಡದೆಯೂ ಇರಬಹುದಾಗಿದ್ದದ್ದು; ಏಳು ಶಿಲ್ಲಿಂಗ್ ಕೆಲಸಗಾರ ತನ್ನದೆಂದು ಕೇಳಿ ಪಡೆಯಬಹುದಾದದ್ದು. ಕುಟುಂಬದ ಹಿರಿಯನ ಪಾತ್ರ ವಹಿಸಿದ ಯಜಮಾನನಿಗೆ ಕೊಡುವುದು ಇಷ್ಟ, ಕೇಳಿಸಿಕೊಳ್ಳುವುದು ಕಷ್ಟ. ಕೆಲಸದ ಸ್ಥಳವೇ ಕುಟುಂಬವಾಗಬೇಕೆಂದು ಹಿಗಿನ್ಸ್ ಬಯಸಲಿಲ್ಲ. ಕೆಲಸಗಾರನಿಗೆ ತನ್ನದೇ ಆದ ಕುಟುಂಬವೊಂದಿದೆ, ಸಂಜೆ ಅವನು ಅಲ್ಲಿಗೆ ಮರಳುತ್ತಾನೆ, ಆ ಕುಟುಂಬ ಮಾನವಾಗಿ ಬದುಕುವಷ್ಟನ್ನು ಕೆಲಸದ ಸ್ಥಳ ಕೊಡಬೇಕು ಎಂದಷ್ಟೇ ಹೇಳಿದರು.

ಆ ತೀರ್ಪಿನೊಳಗಿನ ಕುಟುಂಬಕ್ಕೂ ಬೇಲಿಗಳಿದ್ದವು ಎಂಬುದನ್ನು ಮರೆಯಬಾರದು. ಸಂಸಾರದ ಹೊಣೆ ಗಂಡಸಿನದೆಂಬ ಎಣಿಕೆಯಿಂದಾಗಿ ಹೆಂಗಸರ ಕೂಲಿ ಕಡಿಮೆಯಾಯಿತು. 1919ರಲ್ಲಿ ಹಿಗಿನ್ಸ್ ಅವರೇ ಉಡುಪು ತಯಾರಿಕೆಯ ಹೆಂಗಸರಿಗೆ ನಿಗದಿ ಮಾಡಿದ ಮೂಲ ವೇತನ ಗಂಡಸರದರ ಶೇಕಡ 54ರಷ್ಟು. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ 1969ರ ಮತ್ತು 1972ರ ತೀರ್ಪುಗಳ ತನಕ ಕಾಯಬೇಕಾಯಿತು. 1901ರ ವಲಸೆ ನಿರ್ಬಂಧದ ಕಾಯ್ದೆ ಜಾರಿಯಲ್ಲಿದ್ದ ಆ ದೇಶದಲ್ಲಿ, ಇಂದು ಸನ್‌ಶೈನ್ ಹಾದುಬರುವ ಕಂದುಬಣ್ಣದ ಪ್ರಯಾಣಿಕರಿಗೆ ಆಗ ಜಾಗವೇ ಇರುತ್ತಿರಲಿಲ್ಲ. ಕುಟುಂಬವೆಂಬ ಚೌಕಟ್ಟು ಕೂಲಿಯ ಲೆಕ್ಕದೊಳಗೆ ಬಂದಾಗ ಕುಟುಂಬದೊಳಗಿನ ಮೇಲುಕೀಳುಗಳೂ ಅದರ ಜೊತೆಗೆ ಬರುತ್ತವೆ.

ಕನ್ನಡ ನಾಡಿಗೆ ಈ ಸಂಗತಿ ಹೊಸದಲ್ಲ. 1976ರ ಕಾಯ್ದೆಯಿಂದ ರದ್ದಾದ ಜೀತಪದ್ಧತಿಯಲ್ಲಿ, ಅಂದರೆ ಸಾಲಕ್ಕೆ ಬದಲಾಗಿ ಒಡೆಯನ ಮನೆಯಲ್ಲಿ ವರ್ಷಗಟ್ಟಲೆ ದುಡಿಯುವ ಪದ್ಧತಿಯಲ್ಲಿ, ಜೀತದಾಳನ್ನು ಕುರಿತು ಒಡೆಯರು ಆಡುತ್ತಿದ್ದ ಮಾತು ‘ಮನೆಮಗನ ಹಾಗೆ ಇಟ್ಟುಕೊಂಡಿದ್ದೇವೆ’ ಎಂಬುದಾಗಿತ್ತು. ಮನೆಮಗನಿಗೆ ಸಂಬಳವಿಲ್ಲ, ಹೊತ್ತಿನ ಲೆಕ್ಕವಿಲ್ಲ. ಆದರೆ ಮಗನಿಗಿರುವ ಪಾಲು ಜೀತದಾಳಿಗಿರಲಿಲ್ಲ. ಸಿಡ್ನಿಯ ಹೋಟೆಲಿಗೂ ಜೀತದ ಹಟ್ಟಿಗೂ ಹೋಲಿಕೆ ಸಲ್ಲದು ನಿಜ. ಆದರೂ ಆ ಹಳೆಯ ಮಾತಿನ ನೆರಳು ಹೊಸ ಜಾಗಗಳಲ್ಲಿಯೂ ಬೀಳುತ್ತದೆ. ಆಸ್ಟ್ರೇಲಿಯಾದ ಕಾನೂನಿನ ಪ್ರಕಾರ, ಸಂಬಳ ಕೊಟ್ಟ ಮುಂದಿನ ಒಂದು ಕೆಲಸದ ದಿನದೊಳಗೆ ನೌಕರನ ಕೈಗೆ ಪೇ ಸ್ಲಿಪ್, ಎಂದರೆ ಸಂಬಳದ ಚೀಟಿ, ಸಿಗಬೇಕು. ಆ ಅಂಗೈಯಗಲದ ಕಾಗದದಲ್ಲಿ ದುಡಿದ ಗಂಟೆಗಳು, ಗಂಟೆಯ ದರ, ಕಡಿತವಾದ ತೆರಿಗೆ, ನಿವೃತ್ತಿ ನಿಧಿಯಾದ ಸೂಪರ್‌ಗೆ ಕಟ್ಟಿದ ಮೊತ್ತ ಇಷ್ಟೂ ಇರುತ್ತವೆ. ಯಜಮಾನ ಈ ಲೆಕ್ಕವನ್ನು ಏಳು ವರ್ಷ ಕಾಪಾಡಬೇಕು. ಊರಿನ ಕಡೆಯವನೆಂದು ಕೆಲಸ ಕೊಟ್ಟ ಮಾಲೀಕನನ್ನು ‘ಅಣ್ಣ’ ಎಂದು ಕರೆಯುವ ವಿದ್ಯಾರ್ಥಿಯೊಬ್ಬ ಆ ಚೀಟಿಯನ್ನು ಕೇಳಲು ಹೊರಟರೆ ನಾಲಿಗೆ ಏಳುವುದಿಲ್ಲ. ಕೇಳಿದರೂ ‘ನಮ್ಮ ನಮ್ಮಲ್ಲಿ ಅದೆಲ್ಲ ಯಾಕಪ್ಪ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರದಲ್ಲಿ ಪ್ರೀತಿಯೂ ಇರಬಹುದು, ಆದರೆ ಚೀಟಿ ಇಲ್ಲ.

2015ರಲ್ಲಿ ಎಬಿಸಿ ವಾಹಿನಿಯ ‘ಫೋರ್ ಕಾರ್ನರ್ಸ್’ ಕಾರ್ಯಕ್ರಮವೂ ಫೇರ್‌ಫ್ಯಾಕ್ಸ್ ಪತ್ರಿಕೆಗಳೂ ಸೆವೆನ್-ಇಲೆವೆನ್ ಮಳಿಗೆಗಳಲ್ಲಿ ನಡೆಯುತ್ತಿದ್ದ ಸಂಬಳದ ವಂಚನೆಯನ್ನು ಬಯಲಿಗೆಳೆದಾಗ, ಮೋಸಹೋದವರಲ್ಲಿ ಭಾರತದಿಂದ ಬಂದ ವಿದ್ಯಾರ್ಥಿಗಳು ಬಹಳ ಮಂದಿಯಿದ್ದರು. ದುಡಿದ ಗಂಟೆಗಳಲ್ಲಿ ಅರ್ಧವನ್ನಷ್ಟೇ ಪುಸ್ತಕದಲ್ಲಿ ತೋರಿಸುವುದು, ವಿದ್ಯಾರ್ಥಿ ವೀಸಾ ವಿಧಿಸಿದ್ದ ಎರಡು ವಾರಕ್ಕೆ 40 ಗಂಟೆಯ ಮಿತಿ ಮೀರಿದ್ದನ್ನೇ ಹಿಡಿದು ಬಾಯಿ ಮುಚ್ಚಿಸುವುದು ಅಲ್ಲಿನ ರೂಢಿಯಾಗಿತ್ತು. ಕೊನೆಗೆ ಸಂದಾಯವಾದ ಬಾಕಿ 17 ಕೋಟಿ ಆಸ್ಟ್ರೇಲಿಯನ್ ಡಾಲರನ್ನು ಮೀರಿತು. ಬೇಕೆಂದೇ ಕಡಿಮೆ ಸಂಬಳ ಕೊಡುವುದು 2025ರ ಜನವರಿ 1ರಿಂದ ಆ ದೇಶದಲ್ಲಿ ಅಪರಾಧವೆನಿಸಿದೆ.

ಕುಟುಂಬ ಯಾರೆಂಬುದನ್ನು ಆ ದೇಶದ ಕಾನೂನು ಬಹು ಸ್ಪಷ್ಟವಾಗಿ ಬರೆದಿಟ್ಟಿದೆ. ಆಪ್ತರು ತೀರಿಕೊಂಡಾಗ, ಅಥವಾ ಅವರಿಗೆ ಪ್ರಾಣಾಪಾಯದ ಕಾಯಿಲೆ ಬಂದಾಗ, ನೌಕರನಿಗೆ ಪ್ರತಿ ಸಂದರ್ಭಕ್ಕೆ ಎರಡು ದಿನದ ರಜೆ ಉಂಟು. ಸಂಗಾತಿ, ಮಕ್ಕಳು, ತಂದೆತಾಯಿ, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು, ಸಂಗಾತಿಯ ಕಡೆಯ ಇದೇ ನಂಟರು, ಒಂದೇ ಮನೆಯಲ್ಲಿ ವಾಸಿಸುವವರು ಆ ಪಟ್ಟಿಯಲ್ಲಿದ್ದಾರೆ. ಎತ್ತಿ ಆಡಿಸಿದ ಸೋದರಮಾವ ಇಲ್ಲ, ಓದಿಸಿದ ಚಿಕ್ಕಪ್ಪ ಇಲ್ಲ, ತಾಯಿಯಿಲ್ಲದ ಮಕ್ಕಳನ್ನು ಸಾಕಿದ ದೊಡ್ಡಮ್ಮ ಇಲ್ಲ. ಸೋದರಮಾವನ ಸಾವಿಗೆ ಊರಿಗೆ ಹೊರಟವರಿಗೆ ಉಳಿದ ರಜೆಯಲ್ಲಿ ಹೊಂದಿಸಿಕೊಡುವ ಒಳ್ಳೆಯ ಮ್ಯಾನೇಜರುಗಳು ಎರಡು ನಗರಗಳಲ್ಲಿಯೂ ಇದ್ದಾರೆ. ಆದರೆ ಅದು ಅವರವರ ಒಳ್ಳೆಯತನ, ನಾಳೆ ಬರುವ ಮ್ಯಾನೇಜರಿನಿಂದ ಅದನ್ನು ಕೇಳಿ ಪಡೆಯಲು ಬರುವುದಿಲ್ಲ. ಹಾಗೆಯೇ, ಹತ್ತು ವರ್ಷ ಪಕ್ಕದಲ್ಲಿ ಕುಳಿತು ದುಡಿದ ಸಹೋದ್ಯೋಗಿ ತೀರಿಕೊಂಡರೂ ಈ ರಜೆಗೆ ಕಾರಣವಾಗುವುದಿಲ್ಲ. ಕಾನೂನಿನ ಎಣಿಕೆಯಲ್ಲಿ ಕಚೇರಿ ಕುಟುಂಬವಲ್ಲ. ತನ್ನನ್ನು ಕುಟುಂಬವೆಂದು ಕರೆದುಕೊಳ್ಳುವ ಸಂಸ್ಥೆ ತನ್ನ ರಜೆಯ ನಿಯಮಾವಳಿಯಲ್ಲಿ ಸೋದರಮಾವನ ಹೆಸರನ್ನು ಸೇರಿಸಿದರೆ ಆ ಮಾತಿಗೆ ಒಂದಿಷ್ಟು ಆಧಾರ ಸಿಕ್ಕೀತು.

ಕುಟುಂಬ ತನ್ನವರನ್ನು ವೆಚ್ಚ ಉಳಿಸುವುದಕ್ಕಾಗಿ ಹೊರಹಾಕುವುದಿಲ್ಲ. ಸಂಸ್ಥೆಗಳು ಹೊರಹಾಕುತ್ತವೆ, ಹಾಕಲೇಬೇಕಾದ ಸಂದರ್ಭಗಳೂ ಇರುತ್ತವೆ. ಸಿಡ್ನಿಯ ಮ್ಯಾಸ್ಕಟ್‌ನಲ್ಲಿ ಪ್ರಧಾನ ಕಚೇರಿಯಿರುವ ಕ್ವಾಂಟಸ್ ವಿಮಾನಯಾನ ಸಂಸ್ಥೆ ದಶಕಗಳ ಕಾಲ ತನ್ನ ಜಾಹೀರಾತುಗಳಲ್ಲಿ ಮನೆಯ ಹಂಬಲದ ಹಾಡನ್ನು ಬಳಸಿಕೊಂಡು ಬಂದದ್ದು; 2022ರ ಸೆಪ್ಟೆಂಬರಿನಲ್ಲಿ ಸಿಡ್ನಿಯಿಂದ ಬೆಂಗಳೂರಿಗೆ ನೇರ ವಿಮಾನವನ್ನು ಆರಂಭಿಸಿ ಕನ್ನಡಿಗರ ಪಾಲಿಗೆ ಊರನ್ನು ಹತ್ತಿರ ತಂದದ್ದೂ ಅದೇ. ಆ ಸಂಸ್ಥೆ 2020ರ ಕೊನೆಯಲ್ಲಿ ಹತ್ತು ವಿಮಾನ ನಿಲ್ದಾಣಗಳಲ್ಲಿ ಸಾಮಾನು ಹೊರುವ, ವಿಮಾನ ಶುಚಿಗೊಳಿಸುವ 1,800ರಷ್ಟು ಕೆಲಸಗಾರರನ್ನು ತೆಗೆದು ಆ ಕೆಲಸವನ್ನು ಗುತ್ತಿಗೆಗೆ ಕೊಟ್ಟಿತು. ಸಾರಿಗೆ ಕಾರ್ಮಿಕರ ಸಂಘ ಹೂಡಿದ ಮೊಕದ್ದಮೆಯಲ್ಲಿ 2021ರಲ್ಲಿ ಫೆಡರಲ್ ನ್ಯಾಯಾಲಯವೂ 2023ರ ಸೆಪ್ಟೆಂಬರಿನಲ್ಲಿ ಹೈಕೋರ್ಟೂ ಇದು ಕಾನೂನುಬಾಹಿರವೆಂದು ಹೇಳಿದವು. 12 ಕೋಟಿ ಡಾಲರ್ ಪರಿಹಾರ ಒಪ್ಪಿತವಾಗಿ, 2025ರ ಆಗಸ್ಟಿನಲ್ಲಿ 9 ಕೋಟಿ ಡಾಲರ್ ದಂಡವೂ ಬಿದ್ದಿತು. ಆ ಕೆಲಸಗಾರರ ನೆರವಿಗೆ ಬಂದದ್ದು ಒಂದು ಸಂಘ, ಒಂದು ಕಾಯ್ದೆ, ಐದು ವರ್ಷ ಹಿಡಿದ ವ್ಯಾಜ್ಯ. ಕುಟುಂಬದ ಮಾತಿಗೆ ಇವು ಮೂರೂ ಒಗ್ಗುವುದಿಲ್ಲ, ಏಕೆಂದರೆ ಮನೆಯೊಳಗೆ ಸಂಘ ಕಟ್ಟಿದವನು ಮನೆಮುರುಕನೆನಿಸಿಕೊಳ್ಳುತ್ತಾನೆ.

ಕುಟುಂಬದ ಬದಲು ಕ್ರೀಡಾತಂಡದ ಹೋಲಿಕೆಯನ್ನು ಮುಂದಿಡುವವರಿದ್ದಾರೆ. ಅಮೆರಿಕದ ನೆಟ್‌ಫ್ಲಿಕ್ಸ್ 2009ರಲ್ಲಿ ಪ್ರಕಟಿಸಿದ ತನ್ನ ಧೋರಣೆಯ ಬರಹದಲ್ಲಿ ತಾನು ಕುಟುಂಬವಲ್ಲ, ತಂಡವೆಂದು ಸಾರಿತು. ಅದರಲ್ಲಿ ಪ್ರಾಮಾಣಿಕತೆಯಿದ್ದರೂ, ಆಟ ಕುಂದಿದ ಕೂಡಲೇ ಆಟಗಾರನನ್ನು ಬಿಡಬಹುದೆಂಬ ನಿಲುವನ್ನೂ ಅದು ಸಹಜವೆಂಬಂತೆ ಒಪ್ಪಿಸುತ್ತದೆ. ಮಾಲೀಕ ಸ್ಪಷ್ಟವಾದ ಕರಾರು, ಹೊತ್ತಿಗೆ ಸರಿಯಾದ ಸಂಬಳ, ಕೇಳುವವರಿಗೆ ಹೆದರಿಕೆಯಿಲ್ಲದ ವಾತಾವರಣ ಇಷ್ಟನ್ನು ಕೊಟ್ಟರೆ ಅಕ್ಕರೆಯನ್ನು ಜನರು ತಾವೇ ಬೆಳೆಸಿಕೊಳ್ಳುತ್ತಾರೆ.

2024ರ ಆಗಸ್ಟ್ 26ರಿಂದ ಆಸ್ಟ್ರೇಲಿಯಾದ ನೌಕರರಿಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಬಂದಿದೆ. ಎಂದರೆ ಕೆಲಸದ ವೇಳೆ ಮುಗಿದ ಮೇಲೆ ಬರುವ ಕರೆ, ಸಂದೇಶಗಳಿಗೆ ಓಗೊಡದಿರುವ ಹಕ್ಕು. ಹಾಗೆ ನಿರಾಕರಿಸುವುದು ಸಮಂಜಸವೇ ಎಂಬುದನ್ನು ತೂಗುವಾಗ ನೌಕರನ ಸಂಸಾರದ ಹೊಣೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕಾಯ್ದೆ ಹೇಳುತ್ತದೆ. ಐಟಿ ಕಂಪನಿಗಳ ಕನ್ನಡಿಗರಿಗೆ ಇದು ನೇರವಾಗಿ ಸಂಬಂಧಿಸಿದ್ದು, ಏಕೆಂದರೆ ಬೇಸಗೆಯಲ್ಲಿ ಸಿಡ್ನಿಯ ಗಡಿಯಾರ ಬೆಂಗಳೂರಿಗಿಂತ ಐದೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಸಂಜೆ ಆರೂವರೆಗೆ ಮಗುವಿಗೆ ಊಟ ಮಾಡಿಸುವ ಹೊತ್ತು ಬೆಂಗಳೂರಿನಲ್ಲಿ ಮಧ್ಯಾಹ್ನದ ಒಂದು ಗಂಟೆ, ಕಚೇರಿಯ ನಡುಹಗಲು. ಆ ಹೊತ್ತಿಗೆ ಬೆಂಗಳೂರಿನಿಂದ ಬರುವ ಕರೆಯನ್ನು ಸಿಡ್ನಿಯವರು ತಮ್ಮ ಬೆಳಗಿನ ಹೊತ್ತಿಗೆ ಸರಿಸಬಹುದು. ಸರಿಸಿದರೆ ಬೆಂಗಳೂರಿನ ಸಹೋದ್ಯೋಗಿ ನಸುಕಿನ ಐದಕ್ಕೇ ಏಳಬೇಕು. ಅವರಿಗೆ ಅಂಥ ಹಕ್ಕಿಲ್ಲ. ಬದಲಾಗಿ 2025ರ ಜೂನ್‌ನಲ್ಲಿ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ದಿನದ ಕೆಲಸವನ್ನು 9 ಗಂಟೆಯಿಂದ 10ಕ್ಕೆ, ಹೆಚ್ಚುವರಿ ದುಡಿಮೆ ಸೇರಿದರೆ 12 ಗಂಟೆಯವರೆಗೆ ಏರಿಸುವ ಪ್ರಸ್ತಾವ ಚರ್ಚೆಗೆ ಬಂದು, ಐಟಿ ನೌಕರರ ಸಂಘ ಅದನ್ನು ವಿರೋಧಿಸಿ ಬೀದಿಗಿಳಿಯಬೇಕಾಯಿತು. ಎರಡೂ ಊರುಗಳಲ್ಲಿ ಕಚೇರಿಯಿರುವ ಕಂಪನಿಗಳು ತಮ್ಮದು ಜಗತ್ತಿನಾದ್ಯಂತ ಹರಡಿದ ಒಂದೇ ಕುಟುಂಬವೆಂದು ಹೇಳಿಕೊಳ್ಳುವುದಾದರೆ, ಸಿಡ್ನಿಯಲ್ಲಿ ಕಾನೂನಿಗೆ ಮಣಿದು ಒಪ್ಪಿಕೊಂಡ ಆ ವಿರಾಮವನ್ನು ಯಾವ ಕಾನೂನೂ ಕೇಳದಿರುವ ಬೆಂಗಳೂರಿನವರಿಗೂ ತಾವಾಗಿ ಬರೆದುಕೊಡಲು ಅವುಗಳಿಗೆ ಇಂದು ಯಾರ ಅಡ್ಡಿಯೂ ಇಲ್ಲ.