ಮಿದುಳನ್ನೇ ತಿನ್ನುವ ಮರಿ

ಮಳೆ ಹಿಡಿದು ಹದಿನೈದು ದಿನವಾಯಿತೆಂದರೆ ಅರಬೈಲಿನ ನಮ್ಮ ತೋಟದ ಹೊಂಡದ ತುಂಬ ಗೊದಮೊಟ್ಟೆಗಳು. ಅವನ್ನು ನೋಡದ ಮಕ್ಕಳು ನಮ್ಮ ಕಡೆ ಇಲ್ಲ. ಆದರೆ ಕಪ್ಪೆಯದಲ್ಲದ ಗೊದಮೊಟ್ಟೆಯೊಂದು ಕಡಲಿನಲ್ಲಿದೆ ಎಂಬುದು ನನಗೆ ತಿಳಿದದ್ದು ಈ ಅರವತ್ತೆಂಟನೆಯ ವಯಸ್ಸಿನಲ್ಲಿ, ಆರನೇ ತರಗತಿಯ ಮೊಮ್ಮಗನಿಂದ.

ಅವನು ಶಾಲೆಯಿಂದ ತಂದ ಪುಸ್ತಕದಲ್ಲಿ ಅದರ ಚಿತ್ರವಿತ್ತು. ಸೀ ಸ್ಕ್ವರ್ಟ್ ಎಂಬ ಕಡಲಜೀವಿಯ ಮರಿ. ದೊಡ್ಡದಾದ ಮೇಲೆ ಇದು ಬಂಡೆಗೋ, ಬಂದರಿನ ಕಂಬಕ್ಕೋ, ದೋಣಿಯ ತಳಕ್ಕೋ ಅಂಟಿಕೊಂಡ ಮೆತ್ತನೆಯ ಚೀಲ. ಮುಟ್ಟಿದರೆ ಪಿಚಕ್ಕನೆ ನೀರು ಚಿಮ್ಮುತ್ತದೆ, ಅಷ್ಟೇ. ಮರಿಯಾಗಿದ್ದಾಗ ಮಾತ್ರ ಬಾಲ ಬಡಿಯುತ್ತ ಈಜುತ್ತದೆ. ಉದ್ದ ಸುಮಾರು ಒಂದು ಮಿಲಿಮೀಟರ್. ತಲೆಯಲ್ಲಿ ಎರಡು ಕಪ್ಪು ಚುಕ್ಕೆ: ಒಂದು ಬೆಳಕು ಅರಿಯಲು, ಇನ್ನೊಂದು ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯಲು.

ಮೊಮ್ಮಗ ಓದುತ್ತ ಹೋದವನು ಒಮ್ಮೆಲೇ ಕೂಗಿದ: "ಅಜ್ಜಾ, ಇದು ಬಂಡೆಗೆ ಅಂಟಿದ ಮೇಲೆ ತನ್ನ ಮಿದುಳು ತಾನೇ ತಿಂದ್ಕತ್ತಡ!"

ನಮ್ಮನೆಯವರು ಜಗುಲಿಯಲ್ಲಿ ಅಡಿಕೆ ಆರಿಸುತ್ತಿದ್ದರು. ಎರಡು ವರ್ಷದಿಂದ ಅವರಿಗೆ ಮರೆವು. ಆ ವಾರವಷ್ಟೇ ಇದೇ ಮೊಮ್ಮಗನ ಹೆಸರು ನೆನಪಾಗದೆ ಅವನನ್ನು ಸುಮ್ಮನೆ ನೋಡುತ್ತ ಕೂತಿದ್ದರು. ಈಗ ತಲೆಯೆತ್ತಿ, "ಹಂಗಾದ್ರೆ ಆನೂ ಅದೇ ಜಾತಿಯವ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ರಾತ್ರಿ ತಂಗಿಯ ಮಗಳಿಗೆ ಫೋನು ಮಾಡಿದೆ. ಅವಳು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗದಲ್ಲಿ ಓದಿದವಳು. "ಆ ಮಾತು ಅರ್ಧ ಮಾತ್ರ ನಿಜ ದೊಡ್ಡಮ್ಮ" ಎಂದು ಶುರು ಮಾಡಿದವಳು ಮುಗಿಸುವಷ್ಟರಲ್ಲಿ ಹತ್ತೂವರೆ. ನನಗೆ ಅರ್ಥವಾದಷ್ಟನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

ನನ್ನ ಆಯಿಯ ಹತ್ತಿರ ಒಂದು ಅಡುಗೆ ಬರೆದಿಟ್ಟ ಪುಸ್ತಕವಿತ್ತು. ತಂಬುಳಿ, ಅಪ್ಪೆಹುಳಿ, ತೊಡದೇವು, ಬಾಣಂತಿ ಕಷಾಯ ಎಲ್ಲವೂ ಅದರಲ್ಲೇ. ಹಬ್ಬಕ್ಕೆ ಒಂದು ಪುಟ ತೆರೆದರೆ ಜ್ವರಕ್ಕೆ ಇನ್ನೊಂದು. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಇಂಥ ಇಡೀ ಪುಸ್ತಕವೇ ಇದೆ. ಒಂದೊಂದು ಪಾಕವಿಧಾನವೂ ಒಂದು ಜೀನ್. ಕಣ್ಣಿನ ಕೋಶ ಕೆಲವು ಪುಟ ಓದುತ್ತದೆ, ಚರ್ಮದ ಕೋಶ ಬೇರೆ ಕೆಲವು. ಓದದ ಪುಟ ಹರಿದು ಹೋಗುವುದಿಲ್ಲ, ಮುಚ್ಚಿರುತ್ತದೆ. ಹೀಗೆ ಪುಟ ತೆರೆದು ಕೆಲಸಕ್ಕೆ ಹಚ್ಚುವುದನ್ನೇ ಜೀನ್ ಅಭಿವ್ಯಕ್ತಿ ಎನ್ನುತ್ತಾರಂತೆ. ದೊಡ್ಡ ಹೆಸರು, ವಿಷಯ ಅಡುಗೆಮನೆಯದು.

ಯಾವ ಕೋಶ ಯಾವ ಪುಟ ಓದುತ್ತಿದೆ ಎಂದು ಹೊರಗಿನವರಿಗೆ ತಿಳಿಯುವುದು ಹೇಗೆ? ಪುಸ್ತಕ ತನ್ನ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಪುಟದ ನಕಲು ಒಂದು ಚೀಟಿಯಾಗಿ ಹೊರಬರುತ್ತದೆ. ಆ ಒಂದು ಚೀಟಿಗೆ ಮಾತ್ರ ಅಂಟುವ ಬಣ್ಣವನ್ನು ವಿಜ್ಞಾನಿಗಳು ಮರಿಯ ಮೈಗೆ ಹಾಯಿಸುತ್ತಾರೆ. ಓಟಿಎಕ್ಸ್ ಎಂಬ ಜೀನಿಗೆ ಹೀಗೆ ಮಾಡಿದಾಗ ಮರಿಯ ಮಿದುಳಿನ ಮುಂಭಾಗ ಬಣ್ಣ ತಾಳಿತು. ಇಲಿಯಲ್ಲೂ, ಹೊಟ್ಟೆಯೊಳಗಿನ ಮನುಷ್ಯ ಶಿಶುವಿನಲ್ಲೂ ಮಿದುಳಿನ ಮುಂಭಾಗ ರೂಪುಗೊಳ್ಳುವಾಗ ಅದೇ ಪುಟ ತೆರೆದುಕೊಳ್ಳುತ್ತದೆ. 1998ರಲ್ಲಿ ಇನ್ನೂ ವಿಚಿತ್ರ ನಡೆಯಿತು. ಹಣ್ಣುನೊಣದಲ್ಲಿ ಅದರದೇ ಆ ಜೀನ್ ಕೆಟ್ಟರೆ ಮಿದುಳಿನ ಮುಂಭಾಗ ಬೆಳೆಯುವುದಿಲ್ಲ. ಅಂಥ ನೊಣದ ಭ್ರೂಣಕ್ಕೆ ಮನುಷ್ಯನ ಜೀನ್ ಕೊಟ್ಟಾಗ ಬೆಳೆಯದ ಭಾಗ ಬೆಳೆಯತೊಡಗಿತು! ಇದನ್ನು ಕೇಳಿದ ಮೇಲೆ ಅಡುಗೆಮನೆಯ ನೊಣಕ್ಕೆ ಕೈ ಬೀಸುವಾಗ ನನಗೆ ಸ್ವಲ್ಪ ಸಂಕೋಚ.

ಸೀ ಸ್ಕ್ವರ್ಟ್ ನೊಣಕ್ಕಿಂತ ನಮಗೆ ಬಹಳ ಹತ್ತಿರದ ನೆಂಟ. ಮೊದಲು ಅದನ್ನು ಬಳಚಿನ ಸಂಬಂಧಿ ಎಂದುಕೊಂಡಿದ್ದರು. 1866ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಾಲೆವ್‌ಸ್ಕಿ ಮರಿಯ ಬಾಲದೊಳಗೆ ಒಂದು ಕೋಲು ಕಂಡರು. ಬೆನ್ನುಮೂಳೆ ಮೂಡುವ ಮೊದಲು ನಮ್ಮ ಬೆನ್ನಿನಲ್ಲೂ ಇರುವಂಥ ಕೋಲು. ಅಲ್ಲಿಂದ ಅದು ನಮ್ಮ ವಂಶಾವಳಿಗೆ ಬಂತು. 2016ರಲ್ಲಿ ಇನ್ನು ಕೆಲವರು ಒಂದು ಮರಿಯನ್ನು ಊಹಿಸಲಾಗದಷ್ಟು ತೆಳುವಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನರಕೋಶ ಎಣಿಸಿದರು. ಮಿದುಳಿನಿಂದ ಬಾಲದವರೆಗಿನ ನರವ್ಯೂಹಕ್ಕೆಲ್ಲ ಸೇರಿ 177. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ.

ಇನ್ನು ತಿನ್ನುವ ಕಥೆ. ಮರಿ ಏನೂ ಉಣ್ಣದೆ ಈಜಾಡಿ, ಕೆಲವೇ ದಿನದೊಳಗೆ ತಲೆಯನ್ನು ಬಂಡೆಗೆ ಅಂಟಿಸಿಕೊಳ್ಳುತ್ತದೆ. ಬಾಲ ಒಳಗೆ ಎಳೆದುಕೊಂಡು ಕರಗುತ್ತದೆ. ಮಿದುಳೂ ಹಾಗೇ ಎಂದು ಎಲ್ಲರೂ ಹೇಳುತ್ತಿದ್ದರು. 2011ರಲ್ಲಿ ಜಪಾನಿನ ವಿಜ್ಞಾನಿಗಳು, ಬೆಳಕು ಬಿದ್ದರೆ ಬಣ್ಣ ಬದಲಿಸುವ ಪ್ರೋಟೀನನ್ನು ಮರಿಯ ನರವ್ಯೂಹದಲ್ಲಿ ಗುರುತಾಗಿಟ್ಟು, ಅಂಟಿಕೊಂಡ ಮೇಲೆ ಆ ಕೋಶಗಳು ಏನಾಗುತ್ತವೆ ಎಂದು ಬೆನ್ನುಹತ್ತಿ ನೋಡಿದರು. ನರಕೋಶಗಳಲ್ಲಿ ಬಹುಪಾಲು ಮಾಯವಾದದ್ದು ನಿಜ. ಆದರೆ ಕೆಲವು ಉಳಿದವು. ಅಷ್ಟೇ ಅಲ್ಲ, ಮಿದುಳಿನ ಒಳಗೋಡೆಗೆ ಅಸ್ತರಿಯಂತೆ ಸುಮ್ಮನಿದ್ದ ಕೋಶಗಳಲ್ಲಿ ಕೆಲವು ಹೊಸ ನರಕೋಶಗಳೇ ಆದವು. ಅವುಗಳೊಳಗೆ ಆವರೆಗೆ ಮುಚ್ಚಿದ್ದ ಪುಟಗಳು ಆಗ ತೆರೆದವು. ಬೆಳೆದ ಪ್ರಾಣಿಯ ಚಿಕ್ಕ ಮಿದುಳು ಕಟ್ಟಿದ್ದು ಹೀಗೆ, ಹಳೆಯದರ ಪಾಯದ ಮೇಲೆ.

ಕೇಳದೆ ಇರಲಾಗಲಿಲ್ಲ. "ನಿನ್ನ ದೊಡ್ಡಪ್ಪಂಗೆ ಇದ್ರಿಂದ ಎಂತಾದ್ರೂ...?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇಲ್ಲೆ ದೊಡ್ಡಮ್ಮ. ಮರೆವಿನ ಕಾಯಿಲೆಯಲ್ಲಿ ಹೋದ ಕೋಶ ಹಿಂಗೆ ತಿರುಗಿ ಬತ್ತಿಲ್ಲೆ." ಸಮಾಧಾನಕ್ಕೆ ಏನೋ ಒಂದು ಹೇಳಬಹುದಿತ್ತು, ಹೇಳಲಿಲ್ಲ. ನನಗೆ ಅದು ಹಿಡಿಸಿತು. ವೈದ್ಯರಿಗೆ ತೋರಿಸುವ ತಾರೀಖನ್ನು ಮಾತ್ರ ಎರಡು ಸಲ ವಿಚಾರಿಸಿದಳು.

ಮರುದಿನ ಮೊಮ್ಮಗ ಅಜ್ಜನ ಮುಂದೆ ಕೂತು ಇಷ್ಟನ್ನೂ ವಿವರಿಸಿದ. ನಮ್ಮನೆಯವರು ಗಮನವಿಟ್ಟು ಕೇಳಿದರು. "ಬಂಡೆಗೆ ಅಂಟಿ ಕೂತವಂಗೆ ಮಿದುಳು ಎಂತಕ್ಕೆ?" ಎಂದರು. ಒಳ್ಳೆಯ ಪ್ರಶ್ನೆಯೇ. ಯಾರಾದರೂ ಮುಟ್ಟಿದರೆ ಮೈ ಕುಗ್ಗಿಸಿ ನೀರು ಚಿಮ್ಮಲಿಕ್ಕೆ ಎಂದ ಮೊಮ್ಮಗ. "ಅಡ್ಡಿಲ್ಲೆ, ಅಷ್ಟಾದ್ರೂ ಬೇಕಲ" ಎಂದು ಅವರು ಅಡಿಕೆಯ ಕಡೆ ತಿರುಗಿದರು.

ಅದರ ಮಾರನೆಯ ಬೆಳಿಗ್ಗೆ, "ಆ ಕಡಲ ಗೊದಮೊಟ್ಟೆಗೆ ಎಂತಾತು ಹೇಳಿದ್ಯಾ?" ಎಂದು ಅವರೇ ಕೇಳಿದರು. ಮೊಮ್ಮಗ ಚೀಲ ಕೆಳಗಿಟ್ಟು ಮತ್ತೆ ಮೊದಲಿಂದ ಹೇಳಿದ, 177ನ್ನೂ ಬಿಡದೆ. ಆ ದಿನ ಶಾಲೆಯ ಬಸ್ಸು ತಪ್ಪಿತು.