ಬಾಡಿಗೆಯ ವಿಗ್ರಹವಾಕ್ಯ

ಸಮಾಸಪದವನ್ನು ಬಿಡಿಸಿ ಹೇಳಿದಲ್ಲದೆ ಅದರ ಅರ್ಥ ಸ್ಫುಟವಾಗದೆಂದು ತರಗತಿಯಲ್ಲಿ ಮೂರು ದಶಕಗಳಿಂದ ಹೇಳುತ್ತ ಬಂದಿದ್ದೇನೆ. ‘ಎಲ್ಲವೂ ಸೇರಿದ ಬಾಡಿಗೆ’ ಎಂಬುದೂ ಅಂಥದೊಂದು ಸಮಾಸವೇ ಎಂಬುದು ಬೆಂಗಳೂರಿನ ವಾಸದಿಂದ ಮನವರಿಕೆಯಾಯಿತು.

ಮಗಳ ವ್ಯಾಸಂಗದ ನಿಮಿತ್ತ 2022ರಲ್ಲಿ ಅಲ್ಲಿ ಎರಡನೆಯ ಮಹಡಿಯ ಮನೆಯೊಂದನ್ನು ಹಿಡಿದೆವು. “ನೀರು, ಕರೆಂಟು ಎಲ್ಲಾ ಬಾಡಿಗೆಯಲ್ಲೇ ಸೇರಿದೆ ಮೇಷ್ಟ್ರೇ, ನಿಶ್ಚಿಂತೆಯಾಗಿರಿ” ಎಂದರು ಮನೆಯ ಯಜಮಾನರು. ಇಡೀ ಕಟ್ಟಡಕ್ಕೆ ಮೀಟರು ಒಂದೇ.

ನಿಶ್ಚಿಂತೆ ಬಹುಕಾಲ ಉಳಿಯಲಿಲ್ಲ. ಹಗಲಿನಲ್ಲಿ ಫ್ಯಾನು ತಿರುಗಿದರೆ ಕೆಳಗಿನಿಂದ ವಿಚಾರಣೆ. ನೆಂಟರು ಬಂದರೆ ಸ್ನಾನದ ನೀರಿನ ಪ್ರಸ್ತಾಪ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರಿನ ದಾರಿ ಕಾಯುವಂತಾದಾಗ ಬಾಡಿಗೆ ಏರಿತು. ಮಳೆ ಬಂದ ಮೇಲೆ ಇಳಿಯಲಿಲ್ಲ. ಯಜಮಾನರು ಕೆಟ್ಟವರಲ್ಲ. ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ನಗರದಲ್ಲಿ ಹನಿಹನಿಗೂ ಬೆಲೆಯುಂಟು. ಆದರೆ ನಾವು ಬಳಸಿದ್ದೆಷ್ಟೆಂದು ಅವರೂ ಅರಿಯರು, ಅವರು ತೆತ್ತದ್ದೆಷ್ಟೆಂದು ನಾವೂ ಅರಿಯೆವು. ಲೆಕ್ಕ ಕಾಣದೆಡೆಯಲ್ಲಿ ಸಂಶಯ ಮನೆಮಾಡುತ್ತದೆ.

ನಷ್ಟವೂ ಇತ್ತು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಂತೆ, ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ, ಹಿಂದಿನ ಬಳಕೆಯ ಸರಾಸರಿಯನ್ನು ಆಧರಿಸಿ, ಬಾಡಿಗೆದಾರರಿಗೂ ಉಚಿತ ವಿದ್ಯುತ್ತು ಸಲ್ಲುತ್ತದೆ. ಹಲವು ಸಂಸಾರಗಳ ಬಳಕೆಯೆಲ್ಲ ಒಂದೇ ಮೀಟರಿನಲ್ಲಿ ಕೂಡಿ ಆ ಮಿತಿಯನ್ನು ದಾಟುತ್ತಿದ್ದುದರಿಂದ ನಮ್ಮ ಕಟ್ಟಡದಲ್ಲಿ ಅದು ಯಾರಿಗೂ ದಕ್ಕಲಿಲ್ಲ.

ಕಾನೂನಿನ ಆಸರೆಯೂ ಕಿರಿದು. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ನೀರು, ದೀಪಗಳಂಥ ಅಗತ್ಯ ಸೌಕರ್ಯಗಳನ್ನು ಅಕಾರಣವಾಗಿ ಕಡಿಯಬಾರದೆಂದು ವಿಧಿಸುತ್ತದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ವ್ಯಾಪ್ತಿಗೆ ಬಾರವು. ಆದಕಾರಣ ಒಕ್ಕಲಿದ್ದವನಿಗೆ ಕರಾರುಪತ್ರವೇ ಬೆಂಬಲ.

ಕರಾರು ನವೀಕರಿಸುವ ವೇಳೆ ಯಜಮಾನರೊಡನೆ ಕುಳಿತು ಆ ಸಮಾಸವನ್ನು ಬಿಡಿಸಿದೆವು: ಮನೆಗಿಷ್ಟು, ನೀರಿಗಿಷ್ಟು, ಟ್ಯಾಂಕರು ತರಿಸಿದರೆ ರಸೀದಿ ನೋಡಿ ಸಮಪಾಲು, ವಿದ್ಯುತ್ತಿಗೆ ಬೇರೆ ಮೀಟರು. ಬಾಡಿಗೆ ಅಷ್ಟರಮಟ್ಟಿಗೆ ತಗ್ಗಿತು. ಮೀಟರಿನ ಅಂಕಿ ಕಣ್ಣಿಗೆ ಬಿದ್ದಂದಿನಿಂದ ಬರಿಗೋಣೆಯ ದೀಪವನ್ನು ಮಗಳು ತಾನಾಗಿಯೇ ಆರಿಸುತ್ತಾಳೆ. ಯಜಮಾನರು ಈಗಲೂ ಮಹಡಿ ಹತ್ತಿ ಬರುತ್ತಾರೆ, ಯುಗಾದಿಯ ಹೋಳಿಗೆ ಹಿಡಿದು.

ನಮ್ಮ ಶಾಲೆಯಿಂದ ವರ್ಷವರ್ಷವೂ ಎಷ್ಟೋ ಮಕ್ಕಳು ನಗರಕ್ಕೆ ತೆರಳುತ್ತಾರೆ. ಕೀಲಿಕೈ ಪಡೆಯುವ ಮುನ್ನ ಅವರು ವಿನಯದಿಂದಲೇ ಕೇಳಲಿ: ಏನೇನು ಸೇರಿದೆ, ಎಷ್ಟರವರೆಗೆ ಸೇರಿದೆ, ಮೀರಿದರೆ ಯಾರು ತೆರಬೇಕು? ಉತ್ತರವನ್ನು ಬರೆಸಿಕೊಳ್ಳಲಿ.